ಆರು ಜನರ ರಸಮಂಜರಿ ತಂಡಕ್ಕೆ ಯಮಹಾ ಎಂಜಿ10ಎಕ್ಸ್‌ಯು ಮಿಕ್ಸರ್ ಸಾಕೇ?

ಬಡಾವಣೆಯ ಗಣೇಶೋತ್ಸವದಲ್ಲೋ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲೋ ಹವ್ಯಾಸಿ ತಂಡದ ಗಾಯಕಿ ಚರಣದಲ್ಲಿ ಶ್ರುತಿ ಬಿಟ್ಟರೆ, ಕೆಳಗೆ ಕೂತವರು 'ರಿಹರ್ಸಲ್ ಸಾಲದು' ಅಂದುಬಿಡುತ್ತಾರೆ. ಬಹಳ ಸಲ ಕಾರಣವೇ ಬೇರೆ. ಪಕ್ಕದಲ್ಲಿ ಪ್ಯಾಡ್ (ಬಡಿದು ನುಡಿಸುವ ಎಲೆಕ್ಟ್ರಾನಿಕ್ ತಾಳವಾದ್ಯ) ಗುಡುಗುತ್ತಿರುತ್ತದೆ, ದೊಡ್ಡ ಬಾಕ್ಸುಗಳು ಜನರ ಕಡೆ ಮುಖ ಮಾಡಿರುತ್ತವೆ, ಆಕೆಯ ದನಿ ಆಕೆಗೇ ಕೇಳಿಸುತ್ತಿರುವುದಿಲ್ಲ. ಹಾಗಾಗಿ ಇಂಥ ತಂಡ ಮೈಕ್, ವಾದ್ಯಗಳ ಸದ್ದನ್ನೆಲ್ಲ ಬೆರೆಸಿ ಸ್ಪೀಕರ್‌ಗೆ ಕಳಿಸುವ ಮಿಕ್ಸರ್ ಒಂದನ್ನು ಸ್ವಂತಕ್ಕೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು, ಹಾಡುವವರಿಗೆ ಅವರ ದನಿಯನ್ನು ಇದು ಮರಳಿ ಕೇಳಿಸುತ್ತದೆಯೇ ಎಂದು. ಎಂಜಿ10ಎಕ್ಸ್‌ಯು ಉಳಿದೆಲ್ಲದರಲ್ಲೂ ಒಳ್ಳೆಯ ಪೆಟ್ಟಿಗೆ. ಈ ಒಂದು ವಿಷಯದಲ್ಲಿ ಮಾತ್ರ ದುಡ್ಡು ಕೊಡುವ ಮೊದಲು ಕೂತು ಯೋಚಿಸಲೇಬೇಕು.

ಹೆಸರಿನಲ್ಲಿ 10 ಇದೆ ಎಂದು ಹತ್ತು ಮೈಕ್ ಹಾಕಬಹುದೆಂದು ತಿಳಿಯಬೇಡಿ. ಮೈಕ್ ಹಾಕಲು ಸಿಗುವುದು ನಾಲ್ಕೇ ಚಾನೆಲ್ (ಒಂದೊಂದು ಸದ್ದು ಒಳಬರುವ ದಾರಿ). ಉಳಿದ ಆರು ಮೂರು ಸ್ಟೀರಿಯೊ ಜೋಡಿಗಳು: 5/6, 7/8, 9/10. ಅವುಗಳಿಗೆ ಕೀಬೋರ್ಡ್, ಪ್ಯಾಡ್, ಲ್ಯಾಪ್‌ಟಾಪ್‌ನಂಥವನ್ನು ಕೊಡಬಹುದೇ ಹೊರತು ನೇರ ಮೈಕ್ ಕೊಟ್ಟರೆ ಸದ್ದು ಏಳುವುದಿಲ್ಲ.

ಇಬ್ಬರು ಗಾಯಕರು, ಕೀಬೋರ್ಡ್, ರಿದಮ್ ಪ್ಯಾಡ್, ತಬಲಾ, ಕೊಳಲು ಇರುವ ಸಾಮಾನ್ಯ ತಂಡವನ್ನು ಇಟ್ಟುಕೊಂಡು ನೋಡೋಣ. 1ಕ್ಕೆ ಗಾಯಕಿ, 2ಕ್ಕೆ ಗಾಯಕ, 3ಕ್ಕೆ ತಬಲಾ, 4ಕ್ಕೆ ಕೊಳಲು. 5/6 ಕೀಬೋರ್ಡ್, 7/8 ಪ್ಯಾಡ್, 9/10 ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ) ಹಾಕುವ ಲ್ಯಾಪ್‌ಟಾಪ್‌ಗೆ. ಅಲ್ಲಿಗೆ ಪೆಟ್ಟಿಗೆ ತುಂಬಿತು. ನಿರೂಪಕರ ಮೈಕ್‌ಗೆ ಜಾಗವಿಲ್ಲ, ತಬಲಾಕ್ಕೆ ಎರಡು ಮೈಕ್ ಇಡುವ ಆಸೆಯನ್ನೂ ಬಿಡಬೇಕು. ಒಂದೇ ಮೈಕ್‌ನಲ್ಲಿ ತಬಲಾ ಚೆನ್ನಾಗಿ ಕೇಳಿಸಬೇಕಾದರೆ ಅದನ್ನು ಬಲ ಮತ್ತು ಎಡದ ನಡುವೆ, ಚರ್ಮದಿಂದ ಒಂದು ಗೇಣು ಮೇಲೆ, ಮೂತಿ ತುಸು ಬಲದ ಕಡೆ ವಾಲುವಂತೆ ಇಡಿ. ಎಡದ ಗುಮಕಿ ತಾನಾಗಿಯೇ ಬರುತ್ತದೆ. ಸರಿ ನಡುವೆ ಇಟ್ಟರೆ ಅದೇ ಬಲವನ್ನು ನುಂಗುತ್ತದೆ. ನಿರೂಪಕರಿಗೆ ವೈರ್‌ಲೆಸ್ ಮೈಕ್ ಇದ್ದರೆ ಅದರ ರಿಸೀವರ್‌ನ ಲೈನ್ ಔಟ್‌ನಿಂದ ವೈರ್ ಎಳೆದು 9/10ರ ಜ್ಯಾಕ್‌ಗಳಿಗೆ ಚುಚ್ಚಿ. ಲ್ಯಾಪ್‌ಟಾಪ್‌ಗಾಗಿ ಆ ಜೋಡಿಗೆ ಯುಎಸ್‌ಬಿ ಆಯ್ಕೆ ಮಾಡಿದರೆ ಈ ದಾರಿ ಮುಚ್ಚುತ್ತದೆ. ಆದ್ದರಿಂದ ಟ್ರ್ಯಾಕ್ ಬೇಕಾದ ದಿನ ನಿರೂಪಕರು ಗಾಯಕರ ಮೈಕ್ ಹಂಚಿಕೊಳ್ಳಲಿ.

ಸದ್ದಿನ ಗುಣದ ಬಗ್ಗೆ ತಕರಾರಿಲ್ಲ. ಡಿ-ಪ್ರಿ ಎಂದು ಕರೆಯುವ ಇದರ ಮೈಕ್ ಪ್ರೀಆಂಪ್‌ಗಳು (ಮೈಕ್‌ನ ಕ್ಷೀಣ ಸದ್ದನ್ನು ಹಿಗ್ಗಿಸುವ ಭಾಗ) ಗೇನ್, ಅಂದರೆ ಆ ಹಿಗ್ಗಿಸುವ ಪ್ರಮಾಣ, ಏರಿಸಿದರೂ 'ಸುಯ್' ಎನ್ನದೆ ಶುಭ್ರವಾಗಿರುತ್ತವೆ. ಶೂರ್ ಎಸ್‌ಎಂ58 ಥರದ ಡೈನಮಿಕ್ ಮೈಕ್‌ಗಳು ಮೆಲುದನಿಯ ಭಾವಗೀತೆಗೆ ಹೆಚ್ಚು ಗೇನ್ ಕೇಳುವುದರಿಂದ ಇದು ಸಣ್ಣ ಮಾತಲ್ಲ. ಆದರೆ ಗೇನ್ ಇಡುವ ಕ್ರಮ ತಪ್ಪಿದರೆ ಯಾವ ಪ್ರೀಆಂಪೂ ಕಾಪಾಡುವುದಿಲ್ಲ. ಮೊದಲು ಎಲ್ಲ ಲೆವೆಲ್ ನಾಬ್‌ಗಳನ್ನು ಪೂರ್ತಿ ಇಳಿಸಿ, ಈಕ್ಯೂ (ಮಂದ್ರ, ಮಧ್ಯ, ತಾರದ ಪ್ರಮಾಣ ತಿದ್ದುವ ನಾಬ್‌ಗಳು) ನಡುವೆ ನಿಲ್ಲಿಸಿ. ಗಾಯಕಿ ಅಂದಿನ ಹಾಡುಗಳಲ್ಲಿ ಎಲ್ಲಕ್ಕಿಂತ ಏರುಸ್ಥಾಯಿಯ ಸಾಲನ್ನು ಪೂರ್ತಿ ದನಿಯಲ್ಲಿ ಹಾಡಲಿ. 'ಹಲೋ, ಮೈಕ್ ಟೆಸ್ಟಿಂಗ್' ಎಂದರೆ ಸಾಲದು, ಮಾತಿಗೂ ತಾರಸ್ಥಾಯಿಗೂ ಅಜಗಜಾಂತರ. ಪೀಕ್ ದೀಪ ಮಿನುಗುವವರೆಗೆ ಗೇನ್ ಏರಿಸಿ, ದೀಪ ಆರುವಷ್ಟು ಹಿಂದಕ್ಕೆ ತನ್ನಿ. ದನಿ ಒಡೆಯಲು ಇನ್ನೂ 3 ಡೆಸಿಬೆಲ್ ಇರುವಾಗಲೇ ಆ ದೀಪ ಹೊತ್ತುತ್ತದೆ, ಆದ್ದರಿಂದ ಒಮ್ಮೆ ಮಿನುಗಿದರೆ ಗಾಬರಿ ಬೇಡ. ಆಮೇಲೆ ಲೆವೆಲ್ ನಾಬ್ ಅನ್ನು ಬಾಣದ ಗುರುತಿಗೆ ತಂದು, ಕೊನೆಗೆ ಸ್ಪೀಕರ್ ಏರಿಸಿ.

ಎರಡೂ ಗಾಯಕರ ಚಾನೆಲ್‌ನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ತಡೆಯುವ ಹೈಪಾಸ್ ಗುಂಡಿ ಒತ್ತಿಯೇ ಇರಲಿ. ಹಲಗೆಯ ವೇದಿಕೆಯ ಮೇಲೆ ಕಾಲು ಕುಣಿದಾಗ ಬರುವ 'ಧಬ್ ಧಬ್' ಅಲ್ಲೇ ನಿಲ್ಲುತ್ತದೆ. ಮಧ್ಯದ ಈಕ್ಯೂ 2.5 ಕಿಲೋಹರ್ಟ್ಸ್‌ನಲ್ಲಿ ಗಟ್ಟಿಯಾಗಿ ಕೂತಿದೆ, ಸರಿಸಲು ಬರುವುದಿಲ್ಲ. ಕಲ್ಯಾಣ ಮಂಟಪದ ಸಿಮೆಂಟ್ ಗೋಡೆಗಳ ನಡುವೆ ದನಿ ಮಡಕೆಯೊಳಗಿಂದ ಬಂದಂತೆ ಕೇಳಿಸುವುದು ಇದಕ್ಕಿಂತ ಎಷ್ಟೋ ಕೆಳಗೆ, 200ರಿಂದ 400 ಹರ್ಟ್ಸ್ ಆಸುಪಾಸಿನಲ್ಲಿ. ಅದನ್ನು ಈ ನಾಬ್ ಮುಟ್ಟುವುದಿಲ್ಲ. 100 ಹರ್ಟ್ಸ್‌ನ ಲೋ ನಾಬ್ ಅನ್ನು ತುಸು ತಗ್ಗಿಸಿ, ತುಟಿಯನ್ನು ಜಾಲರಿಗೆ ಅಂಟಿಸದೆ ಎರಡು ಬೆರಳು ದೂರದಿಂದ ಹಾಡಿಸುವುದೇ ಇರುವ ದಾರಿ. ಈ ಬಗೆಯ ಮೈಕ್‌ಗೆ ಬಾಯಿ ಹತ್ತಿರವಾದಷ್ಟೂ ಮಂದ್ರ ಉಬ್ಬುತ್ತದೆ.

1 ಮತ್ತು 2ನೇ ಚಾನೆಲ್‌ಗೆ ಒಂದೊಂದು ಕಂಪ್ರೆಸರ್ ನಾಬ್ ಇದೆ. ಪಿಸುದನಿಯನ್ನು ಎತ್ತಿ, ಅಬ್ಬರವನ್ನು ಅದುಮುತ್ತದೆ. ಕಾಲು ಭಾಗ ತಿರುಗಿಸಿದರೆ ಸಾಕು. ಅರ್ಧ ದಾಟಿಸಿದರೆ ಹಾಡು ನಿಂತ ಕ್ಷಣದಲ್ಲಿ ಸುತ್ತಲ ಸದ್ದೆಲ್ಲ ಮೇಲೆದ್ದು ಮೈಕ್ ಕೂಗತೊಡಗುತ್ತದೆ. ಕೂಗಿಗೆ ಇನ್ನೊಂದು ಕಾರಣ ಗಾಯಕರ ಕೈಯಲ್ಲೇ ಇರುತ್ತದೆ. ದುಂಡು ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಶೈಲಿ ನೋಡಲು ಚೆಂದ. ಆದರೆ ಮುಂದಿನ ಸದ್ದನ್ನಷ್ಟೇ ಹಿಡಿಯಬೇಕಾದ ಮೈಕ್ ಆಗ ಎಲ್ಲ ದಿಕ್ಕಿನಿಂದಲೂ ಹಿಡಿಯತೊಡಗುತ್ತದೆ, ಮಾನಿಟರ್‌ನ (ವೇದಿಕೆಯ ಮೇಲಿರುವವರಿಗೆ ಕೇಳಿಸುವ ಸ್ಪೀಕರ್) ಸದ್ದು ನೇರ ಒಳಗೆ ನುಗ್ಗುತ್ತದೆ. ಹಿಡಿ ಇರುವುದು ಹಿಡಿಯುವುದಕ್ಕೇ.

ಒಳಗೆ 24 ಎಫೆಕ್ಟ್‌ಗಳಿವೆ. ರಸಮಂಜರಿಗೆ ಬೇಕಾಗುವುದು ಹಾಲ್, ಪ್ಲೇಟ್ ರಿವರ್ಬ್ (ಸಭಾಂಗಣದಲ್ಲಿ ಹಾಡಿದಂತೆ ದನಿ ಅನುರಣಿಸುವ ಗುಣ) ಮತ್ತು ವೋಕಲ್ ಎಕೋ, ಅಷ್ಟೇ. ಕರೋಕೆ ಎನ್ನುವುದೂ ಒಂದಿದೆ. ಮೊದಲ ಸಲ ವೇದಿಕೆ ಹತ್ತುವವರಿಗೆ ಅದು ಬಲು ಇಷ್ಟ, ಸಾಹಿತ್ಯ ಕೇಳಬಯಸುವವರಿಗೆ ಅಷ್ಟೇ ಕಷ್ಟ. ಒತ್ತಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಈಗ ಮುಖ್ಯ ಮಾತು. ಈ ಮಿಕ್ಸರ್‌ನಲ್ಲಿ ಸೆಂಡ್, ಅಂದರೆ ಚಾನೆಲ್‌ಗಳ ಸದ್ದಿನ ಒಂದು ಪಾಲನ್ನು ಬೇರೆಡೆಗೆ ಕಳಿಸುವ ದಾರಿ, ಇರುವುದು ಒಂದೇ. ಪ್ರತಿ ಚಾನೆಲ್‌ನ ಎಫ್‌ಎಕ್ಸ್ ನಾಬ್ ಒಳಗಿನ ರಿವರ್ಬ್‌ಗೂ ಹೊರಗಿನ ಎಫ್‌ಎಕ್ಸ್ ಸೆಂಡ್ ಜ್ಯಾಕ್‌ಗೂ ಒಂದೇ ಪಾಲನ್ನು ಕಳಿಸುತ್ತದೆ. ವೇದಿಕೆಯ ಮಾನಿಟರ್‌ಗೆ ಪ್ರತ್ಯೇಕ ಮಿಶ್ರಣ ಕೊಡಲು ಇನ್ನೊಂದು ದಾರಿ ಇಲ್ಲ. ಗಾಯಕಿಗೆ ತನ್ನ ದನಿ ಹೆಚ್ಚು, ಪ್ಯಾಡ್ ಕಡಿಮೆ ಬೇಕು. ಪ್ಯಾಡಿನವರಿಗೆ ಕೀಬೋರ್ಡ್ ಬೇಕು. ಜನರಿಗೆ ಎಲ್ಲವೂ ಬೇಕು. ಒಂದು ಸೆಂಡ್‌ನಲ್ಲಿ ಈ ಮೂರನ್ನೂ ತೂಗಲು ಆಗುವುದಿಲ್ಲ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ, ಜಾಗ ನೋಡಿ ದಾರಿ ಆರಿಸಬೇಕು. ಛತ್ರ, ಸಮುದಾಯ ಭವನದಂಥ ಮುಚ್ಚಿದ ಕಡೆ ಕಟ್ಟಡವೇ ಸಾಕಷ್ಟು ಪ್ರತಿಧ್ವನಿ ಕೊಡುತ್ತದೆ, ರಿವರ್ಬ್ ಬೇಕಾಗಿಲ್ಲ. ಅಲ್ಲಿ ಒಳಗಿನ ಎಫೆಕ್ಟ್ ಆಫ್ ಮಾಡಿ, ಎಫ್‌ಎಕ್ಸ್ ಸೆಂಡ್‌ನಿಂದ ಮಾನಿಟರ್ ಸ್ಪೀಕರ್‌ಗೆ ವೈರ್ ಎಳೆಯಿರಿ. ಎರಡು ಗಾಯನದ ಚಾನೆಲ್‌ಗಳಲ್ಲಿ ಎಫ್‌ಎಕ್ಸ್ ನಾಬ್ ಅರ್ಧಕ್ಕೂ ಮೇಲೆ, ಕೀಬೋರ್ಡ್‌ಗೆ ಕಾಲು, ಪ್ಯಾಡ್‌ಗೆ ಸೊನ್ನೆ. ಹಾಡುವವರ ಮುಖದಲ್ಲಿ ನೆಮ್ಮದಿ ಆಗಲೇ ಕಾಣುತ್ತದೆ. ಒಂದು ಎಚ್ಚರಿಕೆ: ಈ ಸೆಂಡ್ ಲೆವೆಲ್ ನಾಬ್ ಆದಮೇಲಿನದು. ಜನರಿಗಾಗಿ ಗಾಯಕಿಯ ಲೆವೆಲ್ ಏರಿಸಿದರೆ ಮಾನಿಟರ್ ಕೂಡ ಏರಿ ಕೂಗಬಹುದು. ಆದ್ದರಿಂದ ಲೆವೆಲ್ ಒಮ್ಮೆ ನಿಂತ ಮೇಲೆ, ಗಾಯನ ಸಾಲದೆನಿಸಿದರೆ ವಾದ್ಯಗಳನ್ನು ಇಳಿಸಿ.

ಬಯಲಿನ ಪೆಂಡಾಲ್‌ನಲ್ಲಿ ಲೆಕ್ಕ ತಿರುಗಾಮುರುಗಾ. ಗೋಡೆಗಳಿಲ್ಲದೆ ದನಿ ಒಣಗಿ ಕೇಳಿಸುವುದರಿಂದ ರಿವರ್ಬ್ ಬೇಕೇ ಬೇಕು. ಆಗ ಮಾನಿಟರ್ ಔಟ್ ಜ್ಯಾಕ್‌ನಿಂದ ವೇದಿಕೆಯ ಸ್ಪೀಕರ್‌ಗೆ ಕೊಡಿ. ಜನರಿಗೆ ಹೋಗುವ ಮಿಶ್ರಣವೇ ಅಲ್ಲಿಗೂ ಬರುತ್ತದೆ, ಪ್ಯಾಡ್ ಕೂಡ ಅಷ್ಟೇ ಜೋರಾಗಿ. ಸದ್ದಿನ ಪ್ರಮಾಣ ಮಾತ್ರ ಬೇರೆ ನಾಬ್‌ನಲ್ಲಿರುತ್ತದೆ. ಹೆಡ್‌ಫೋನಿಗೂ ಅದೇ ನಾಬ್, ಹೆಡ್‌ಫೋನ್ ಹಾಕಿಕೊಂಡವರು ತಮಗೆ ಬೇಕೆಂದು ಏರಿಸಿದರೆ ವೇದಿಕೆಯ ಮೇಲೆ ಕೂಗು ಏಳುತ್ತದೆ. ಈ ಏರ್ಪಾಟಿನಲ್ಲಿ ಪ್ಯಾಡಿನವರನ್ನು ಗಾಯಕರಿಂದ ದೂರ, ವೇದಿಕೆಯ ಇನ್ನೊಂದು ತುದಿಯಲ್ಲಿ ಕೂರಿಸಿ. ಮಾನಿಟರ್ ಸ್ಪೀಕರ್ ಗಾಯಕಿಯ ಎದುರು ನೆಲದ ಮೇಲೆ, ಮೈಕ್‌ನ ಬಾಲದ ಕಡೆಯಿಂದ ಅವರನ್ನು ನೋಡುವಂತಿರಲಿ. ಎಸ್‌ಎಂ58 ಕಿವಿ ಮುಚ್ಚಿಕೊಳ್ಳುವುದು ಆ ದಿಕ್ಕಿಗೇ.

ಪ್ಯಾಡ್ ಬಗ್ಗೆ ಇನ್ನೊಂದು ಮಾತು. ಮಿಕ್ಸರ್ ಸರಿಯಿಲ್ಲ ಎಂದು ಬೈಸಿಕೊಳ್ಳುವ ತಪ್ಪು ಹಲವು ಸಲ ಅಲ್ಲಿರುತ್ತದೆ. ಡೋಲಕ್ ಪ್ಯಾಚ್ (ಪ್ಯಾಡ್‌ನೊಳಗಿನ ವಾದ್ಯದ ದನಿ) ಮೆಲ್ಲಗೆ, ಮುಂದಿನ ಹಾಡಿನ ಡ್ರಮ್ ಪ್ಯಾಚ್ ಅದರ ಎರಡರಷ್ಟು ಜೋರು. ಹಾಡು ಹಾಡಿಗೂ ಮಿಕ್ಸರ್ ತಡಕಾಡುವ ಬದಲು, ಆ ದಿನಕ್ಕೆ ಬೇಕಾದ ಪ್ಯಾಚ್‌ಗಳ ವಾಲ್ಯೂಮ್ ಅನ್ನು ಮನೆಯಲ್ಲೇ ಸಮ ಮಾಡಿ ಉಳಿಸಿಕೊಂಡು ಬರಬೇಕು. ಈ ಮಿಕ್ಸರ್‌ನ ಚಾನೆಲ್‌ಗಳಿಗೆ ಮ್ಯೂಟ್ ಗುಂಡಿಯೂ ಇಲ್ಲ, ಜಾರುವ ಫೇಡರ್‌ಗಳೂ ಇಲ್ಲ, ಎಲ್ಲವೂ ತಿರುಗಿಸುವ ನಾಬ್. ಕೀಬೋರ್ಡ್ ನುಡಿಸುತ್ತಲೇ ಮಿಕ್ಸರ್ ನೋಡಿಕೊಳ್ಳುವ ತಂಡಗಳೇ ಹೆಚ್ಚು. ಅವರು ಪ್ರತಿ ನಾಬ್‌ನ ಪಕ್ಕ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳಬೇಕು. ಭಾಷಣದ ಹೊತ್ತಿಗೆ ಇಳಿಸಿದ್ದನ್ನು ಮತ್ತೆ ಅದೇ ಜಾಗಕ್ಕೆ ತರಲು ಬೇರೆ ಉಪಾಯವಿಲ್ಲ.

ವಿದ್ಯುತ್ತಿನ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 'ಗುಂಯ್' ಎಂಬ ಹಮ್ ಬಂದರೆ ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಅಲ್ಲಿಗೆ ನಿಂತರೆ ಎರಡು ಅರ್ಥಿಂಗ್ ದಾರಿಗಳ ನಡುವಿನ ಸುತ್ತೇ ಕಾರಣ. ಮಿಕ್ಸರ್, ಕೀಬೋರ್ಡ್, ಪ್ಯಾಡ್, ಸ್ಪೀಕರ್ ಎಲ್ಲವನ್ನೂ ಒಂದೇ ಮೂಲದಿಂದ ಬರುವ ಬೋರ್ಡಿಗೆ ಸೇರಿಸಿ. ಸೀರಿಯಲ್ ಸೆಟ್ ಮತ್ತು ಬಣ್ಣದ ದೀಪಗಳಿಗೆ ಬೇರೆ ಲೈನ್ ಕೇಳಿ. ಹಮ್ ಹೋಗುತ್ತದೆಂದು ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವೆಡೆ ಇದೆ. ಒದ್ದೆ ನೆಲದ ಪೆಂಡಾಲ್‌ನಲ್ಲಿ ಲೋಹದ ಮೈಕ್ ಹಿಡಿದವರ ಪ್ರಾಣಕ್ಕೇ ಅದು ಕುತ್ತು, ಎಂದೂ ಮಾಡಕೂಡದು. ಕೀಬೋರ್ಡ್ ಮಿಕ್ಸರ್‌ನಿಂದ ಆರೇಳು ಮೀಟರ್‌ಗಿಂತ ದೂರವಿದ್ದರೆ ನಡುವೆ ಡಿಐ ಬಾಕ್ಸ್ (ವಾದ್ಯದ ಸದ್ದನ್ನು ಮೈಕ್ ಕೇಬಲ್‌ನಲ್ಲಿ ಕಳಿಸಲು ಹೊಂದಿಸುವ ಪೆಟ್ಟಿಗೆ) ಹಾಕಿ, ಆಗ ಅದಕ್ಕೂ ಮೈಕ್ ಚಾನೆಲ್ ಬೇಕಾಗುತ್ತದೆಂಬುದು ನೆನಪಿರಲಿ. ಕಂಡೆನ್ಸರ್ ಮೈಕ್‌ಗೆ ಬೇಕಾದ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಗುಂಡಿ ನಾಲ್ಕೂ ಮೈಕ್ ಚಾನೆಲ್‌ಗಳಿಗೆ ಒಟ್ಟಿಗೇ ಅನ್ವಯಿಸುತ್ತದೆ. ಕಂಡೆನ್ಸರ್ ಮೈಕ್ ಇಲ್ಲದಿದ್ದರೆ ಅದನ್ನು ಒತ್ತುವ ಅಗತ್ಯವೇ ಇಲ್ಲ.

ಇದರ ದೊಡ್ಡ ಉಪಕಾರ ಕಾಣುವುದು ರಿಹರ್ಸಲ್‌ನಲ್ಲಿ. ಯುಎಸ್‌ಬಿ ವೈರ್ ಲ್ಯಾಪ್‌ಟಾಪ್‌ಗೆ ಸೇರಿಸಿದರೆ ಇಡೀ ತಂಡದ ಮಿಶ್ರಣ 24 ಬಿಟ್‌ನಲ್ಲಿ ರೆಕಾರ್ಡ್ ಆಗುತ್ತದೆ. ಚಾನೆಲ್‌ಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಎಡ ಬಲ ಎರಡೇ. ಆದರೂ ಪಲ್ಲವಿಗೆ ಮರಳುವಾಗ ಲಯ ಓಡುವುದು, ಕೋರಸ್ ಅರ್ಧ ಮಾತ್ರೆ ತಡವಾಗಿ ಎತ್ತಿಕೊಳ್ಳುವುದು, ಕೀಬೋರ್ಡ್‌ನ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಏರ್ಪಾಟು) ಹಿಂದಿನ ಹಾಡಿನಲ್ಲೇ ಉಳಿದಿರುವುದು ಇವೆಲ್ಲ ಮರುದಿನ ಕೇಳಿದಾಗ ಎದ್ದು ಕಾಣುತ್ತವೆ. ಯಾರದು ತಪ್ಪು ಎಂಬ ಜಗಳದಲ್ಲಿ ಒಡೆಯಬಹುದಾದ ತಂಡವನ್ನು ಇಂಥ ಹತ್ತು ನಿಮಿಷದ ರೆಕಾರ್ಡಿಂಗ್ ಉಳಿಸುತ್ತದೆ. ರೆಕಾರ್ಡ್ ಮಾಡುವಾಗ 9/10ರ ಪಕ್ಕದ ಗುಂಡಿಯನ್ನು 'ಟು ಮಾನಿಟರ್' ಕಡೆಗಿಡಿ. ಇಲ್ಲವಾದರೆ ಲ್ಯಾಪ್‌ಟಾಪ್‌ಗೆ ಹೋದ ಸದ್ದು ಮತ್ತೆ ಮಿಶ್ರಣಕ್ಕೇ ಬಂದು ಸುತ್ತತೊಡಗುತ್ತದೆ.

ಕೊಳ್ಳಬೇಕೇ? ಮನೆಯ ಮಹಡಿಯ ರಿಹರ್ಸಲ್, ಕ್ಲಬ್‌ಹೌಸ್, ನೂರೈವತ್ತು ಇನ್ನೂರು ಜನ ಕೂರುವ ಭವನ, ನಾಲ್ಕಕ್ಕಿಂತ ಹೆಚ್ಚು ಮೈಕ್ ಬೇಡದ ತಂಡ ಎಂದಾದರೆ ಧಾರಾಳವಾಗಿ ಕೊಳ್ಳಿ. ತೂಕ ಸುಮಾರು ಎರಡು ಕಿಲೋ, ಸ್ಕೂಟರ್‌ನಲ್ಲೂ ಒಯ್ಯಬಹುದು. ವೈರ್ ಜೋಡಣೆಯೂ ಬೇಗ ಮುಗಿಯುತ್ತದೆ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಭಾಷಣ ಸನ್ಮಾನಗಳು ಎಂಟೂವರೆವರೆಗೆ ತಿಂದಿರುತ್ತವೆ. ಉಳಿದ ಒಂದೂವರೆ ಗಂಟೆಯಲ್ಲಿ ಸೌಂಡ್ ಚೆಕ್‌ಗೆ ಹೆಚ್ಚು ಹೊತ್ತು ಕೊಡಲಾಗದ ತಂಡಕ್ಕೆ ಈ ಸರಳತೆ ದೊಡ್ಡ ಆಸರೆ.

ವರ್ಷಕ್ಕೆ ಹಲವು ಸಲ ಬಯಲು ವೇದಿಕೆ ಹತ್ತುವ ತಂಡ ಇನ್ನಷ್ಟು ದುಡ್ಡು ಕೂಡಿಸಿ ಎಂಜಿ12ಎಕ್ಸ್‌ಯು ತೆಗೆದುಕೊಳ್ಳುವುದೇ ಸರಿ. ಆರು ಮೈಕ್, ಫೇಡರ್‌ಗಳು, ಪ್ರತಿ ಚಾನೆಲ್‌ಗೂ ಆನ್ ಗುಂಡಿ, ಎಲ್ಲಕ್ಕಿಂತ ಮುಖ್ಯವಾಗಿ ಎರಡು ಸೆಂಡ್: ಒಂದು ರಿವರ್ಬ್‌ಗೆ, ಇನ್ನೊಂದು ಮಾನಿಟರ್‌ಗೆ. ಮಾನಿಟರ್‌ನದನ್ನು ಫೇಡರ್‌ಗಿಂತ ಮೊದಲೇ ತೆಗೆಯುವ ಸೌಕರ್ಯವೂ ಇದೆ, ಹೊರಗಿನ ಸದ್ದು ಏರಿಳಿದರೂ ಗಾಯಕಿಗೆ ಕೇಳುವುದು ಬದಲಾಗುವುದಿಲ್ಲ.

ಯಾವುದನ್ನೇ ಕೊಂಡರೂ ಬಜೆಟ್ ಪೂರ್ತಿ ಮಿಕ್ಸರ್‌ಗೇ ಸುರಿಯಬೇಡಿ. ಹತ್ತು ಮೀಟರ್‌ನ ಎಕ್ಸ್‌ಎಲ್‌ಆರ್ (ಮೈಕ್‌ನ) ಕೇಬಲ್ ಆರು, 6.35ರ ಜ್ಯಾಕ್ ವೈರ್ ಆರು, ಡಿಐ ಬಾಕ್ಸ್ ಒಂದು, ಗಟ್ಟಿ ಪಾದದ ಮೈಕ್ ಸ್ಟ್ಯಾಂಡ್ ನಾಲ್ಕು ಜತೆಗೇ ಬರಲಿ. ಕಾರ್ಯಕ್ರಮದ ನಡುವೆ ಕೈಕೊಡುವುದು ಹೆಚ್ಚಾಗಿ ಕೇಬಲ್‌ನ ಪಿನ್ನಿನ ಬುಡದ ಬೆಸುಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿ ಕನೆಕ್ಟರ್ ಸಿಗುತ್ತವೆ, ತಂಡದಲ್ಲಿ ಒಬ್ಬರಾದರೂ ಬೆಸುಗೆ ಕಲಿತಿರಲಿ. ಎಂಜಿ10ಎಕ್ಸ್‌ಯು ನಡೆಯುವುದು ಅದರದೇ ಪಿಎ-10 ಅಡಾಪ್ಟರ್‌ನಲ್ಲಿ, ಪಕ್ಕದವರ ಕೀಬೋರ್ಡ್ ಅಡಾಪ್ಟರ್ ಇದಕ್ಕೆ ಆಗುವುದಿಲ್ಲ. ಹೊರಡುವ ಮುನ್ನ ಮಿಕ್ಸರ್‌ನ ಚೀಲದಲ್ಲಿ ಅದು ಇದೆಯೇ ಎಂದು ಕೈಹಾಕಿ ನೋಡಿಕೊಳ್ಳಿ.