ವಿಮ್‌ನಲ್ಲಿ ಪೇಸ್ಟ್: ಒಳ್ಳೆಯ ಎಡಿಟರ್‌ನ ಒಂದು ಕೆಟ್ಟ ಚಾಳಿ

ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಓಡುವ ಎಡಿಟರ್ ವಿಮ್ ಎಷ್ಟು ವೇಗ, ಎಷ್ಟು ಹಗುರ ಅನ್ನೋದು ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ವರ್ಷಗಟ್ಟಲೆ ಬಳಸಿದರೂ ಸಿಟ್ಟು ತರಿಸುವುದು ಒಂದೇ: ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಿದ ಕೋಡ್ ಇದ್ದ ಹಾಗೇ ಬಂದು ಕೂರುವುದಿಲ್ಲ. ಹತ್ತಿಪ್ಪತ್ತು ಸಾಲಿನ ಪೈಥಾನ್ ಹಾಕಿದರೆ ಸಾಲುಗಳು ಒಂದಕ್ಕಿಂತ ಒಂದು ಬಲಕ್ಕೆ ಸರಿಯುತ್ತಾ ಮೆಟ್ಟಿಲಾಗುತ್ತವೆ.

ಹಳೆಯ ವಿಮ್‌ಗೆ ಪೇಸ್ಟ್ ಆದದ್ದು ಯಾವುದು, ಬೆರಳಲ್ಲಿ ಟೈಪ್ ಆದದ್ದು ಯಾವುದು ಅಂತ ತಿಳಿಯುವುದೇ ಇಲ್ಲ. ಪ್ರತಿ ಸಾಲಿನ ಕೊನೆಯಲ್ಲೂ ಎಂಟರ್ ಒತ್ತಿದರು ಅಂದುಕೊಂಡು, ಹಿಂದಿನ ಸಾಲಿನ ಇಂಡೆಂಟ್ (ಎಡಗಡೆಯ ಖಾಲಿ ಜಾಗ) ನಕಲಿಸುವ ಆಟೋಇಂಡೆಂಟ್ ತನ್ನ ಖಾಲಿ ಜಾಗ ಸೇರಿಸುತ್ತದೆ. ಅದರ ಮೇಲೆ ಕೋಡ್‌ನ ಸ್ವಂತ ಖಾಲಿ ಜಾಗವೂ ಬೀಳುತ್ತದೆ. ಸಿ ಭಾಷೆಯ ಕಡತದಲ್ಲಿ ಎರಡು ಓರೆಗೆರೆಯ (//) ಕಾಮೆಂಟ್ ಒಂದು ನಡುವೆ ಬಂದರೆ ಅದರ ಕೆಳಗಿನ ಸಾಲುಗಳಿಗೂ ಓರೆಗೆರೆ ಅಂಟಿಕೊಳ್ಳುತ್ತದೆ. ಹೀಗಾದಾಗ ಇಡೀ ಕಡತದ ಇಂಡೆಂಟ್ ಮತ್ತೆ ಜೋಡಿಸುವ ಜಿಜಿ=ಜಿ (gg=G) ಕೊಟ್ಟು ಸರಿಮಾಡಲು ಹೋಗಬೇಡಿ. ಪೈಥಾನ್, ವೈಎಎಂಎಲ್‌ಗಳಲ್ಲಿ ಇಂಡೆಂಟೇ ಅರ್ಥ. ಕೆಟ್ಟ ಇಂಡೆಂಟ್ ನೋಡಿ ಮೂಲ ರಚನೆ ಊಹಿಸಲು ಯಾವ ಎಡಿಟರ್‌ಗೂ ಆಗದು. ಎಸ್ಕೇಪ್, ಯು ಒತ್ತಿ ಪೂರ್ತಿ ತೆಗೆದು ಮತ್ತೆ ಹಾಕುವುದೇ ವಾಸಿ.

ಎಲ್ಲರೂ ಹೇಳುವ ಮದ್ದು ‘:ಸೆಟ್ ಪೇಸ್ಟ್’. ಕೆಲಸವೇನೋ ಆಗುತ್ತದೆ, ಆದರೆ ದಿನಬಳಕೆಗೆ ನನಗೆ ಒಗ್ಗುವುದಿಲ್ಲ. ಅದು ಆಟೋಇಂಡೆಂಟ್ ಜೊತೆಗೆ ಇನ್ಸರ್ಟ್ ಮೋಡ್‌ನ (ಪಠ್ಯ ಟೈಪ್ ಮಾಡುವ ಸ್ಥಿತಿ) ಕೀ ಮ್ಯಾಪಿಂಗ್‌ಗಳನ್ನೂ ಅಬ್ರಿವಿಯೇಷನ್‌ಗಳನ್ನೂ, ಟ್ಯಾಬ್ ಬದಲು ಸ್ಪೇಸ್ ಹಾಕುವ ಎಕ್ಸ್‌ಪ್ಯಾಂಡ್‌ಟ್ಯಾಬ್ ಅನ್ನೂ ನಿಲ್ಲಿಸಿಬಿಡುತ್ತದೆ. ‘:ಸೆಟ್ ನೋಪೇಸ್ಟ್’ ಮರೆತು ಟ್ಯಾಬ್ ಒತ್ತಿದಿರೋ, ಸ್ಪೇಸ್‌ಗಳ ಕಡತಕ್ಕೆ ನಿಜವಾದ ಟ್ಯಾಬ್ ನುಗ್ಗಿ ಪೈಥಾನ್ 3 ಟ್ಯಾಬ್‌ಎರರ್ ಅನ್ನುತ್ತದೆ.

2016ರ 8.0 ಆವೃತ್ತಿಯ ನಂತರದ ಪ್ಯಾಚ್‌ಗಳಲ್ಲಿ ಬ್ರಾಕೆಟೆಡ್ ಪೇಸ್ಟ್ ಬಂದ ಮೇಲೆ ನನ್ನ ದೂರು ಬಹುಮಟ್ಟಿಗೆ ಇಳಿದಿದೆ. ಟರ್ಮಿನಲ್ ಪೇಸ್ಟ್‌ನ ಶುರುವಿಗೆ ಎಸ್ಕೇಪ್ [200~, ಕೊನೆಗೆ ಎಸ್ಕೇಪ್ [201~ ಎಂಬ ಗುರುತು ಕಳಿಸುತ್ತದೆ; ನಡುವಿನದನ್ನು ವಿಮ್ ಮುಟ್ಟದೆ ಹಾಗೇ ಇಳಿಸುತ್ತದೆ. ಎಕ್ಸ್‌ಟರ್ಮ್ ಜಾತಿಯ ಟರ್ಮಿನಲ್‌ಗಳಲ್ಲಿ ಏನನ್ನೂ ಬರೆಯಬೇಕಿಲ್ಲ. ಎಡವಟ್ಟಾಗುವುದು ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ನಡೆಸುವ ಟಿಮಕ್ಸ್ ಒಳಗೆ: ಅಲ್ಲಿ ಟರ್ಮಿನಲ್‌ನ ಜಾತಿ ಹೇಳುವ ಟರ್ಮ್ (TERM) ಮೌಲ್ಯ ‘ಸ್ಕ್ರೀನ್’ ಎಂದಿದ್ದರೆ ಎಷ್ಟೋ ಸಲ ಇದು ತಾನಾಗಿ ಚಾಲೂ ಆಗುವುದಿಲ್ಲ. ‘:ಸೆಟ್ ಟಿ_ಬಿಇ?’ (:set t_BE?) ಕೇಳಿ. ಖಾಲಿ ಬಂದರೆ ‘:ಹೆಲ್ಪ್ ಎಕ್ಸ್‌ಟರ್ಮ್-ಬ್ರಾಕೆಟೆಡ್-ಪೇಸ್ಟ್’ ಪುಟದಲ್ಲಿ ಟಿ_ಬಿಇ, ಟಿ_ಬಿಡಿ, ಟಿ_ಪಿಎಸ್, ಟಿ_ಪಿಇ ನಾಲ್ಕಕ್ಕೂ ಬರೆದಿಟ್ಟ ಸಾಲುಗಳಿವೆ. ಅವನ್ನು ವಿಮ್‌ನ ಸೆಟ್ಟಿಂಗ್ ಕಡತವಾದ ವಿಮ್‌ಆರ್‌ಸಿಗೆ ಹಾಕಿ. ಅಗ್ಗದ ಬಾಡಿಗೆ ಸರ್ವರ್‌ಗೆ ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಿ ಕೆಲಸ ಮಾಡುವ ನನ್ನಂಥವರಿಗೆ ಇದೇ ದಾರಿ, ಏಕೆಂದರೆ ಲ್ಯಾಪ್‌ಟಾಪ್‌ನ ಕ್ಲಿಪ್‌ಬೋರ್ಡ್ ಅಲ್ಲಿನ ವಿಮ್‌ಗೆ ಸಾಮಾನ್ಯವಾಗಿ ಕಾಣುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲೇ ಇದ್ದಾಗ ನನ್ನ ಕೈಗೆ ಹತ್ತಿದ್ದು ಬೇರೆ. ಇನ್ಸರ್ಟ್ ಮೋಡ್ ಬಿಡದೆ ಕಂಟ್ರೋಲ್-ಆರ್, ಕಂಟ್ರೋಲ್-ಓ, ಆಮೇಲೆ ಪ್ಲಸ್ (ಕ್ಲಿಪ್‌ಬೋರ್ಡ್‌ಗೆ ವಿಮ್ ಇಟ್ಟ ಹೆಸರು). ನಡುವಿನ ಕಂಟ್ರೋಲ್-ಓ ಬಿಟ್ಟರೆ ಅದೇ ಮೆಟ್ಟಿಲು. ಸೇರಿಸಿದರೆ ಒಂದು ಸ್ಪೇಸ್ ಕೂಡ ಆಚೀಚೆ ಆಗದು. ಕಂಟ್ರೋಲ್-ಓ ಬದಲು ಕಂಟ್ರೋಲ್-ಪಿ ಕೊಟ್ಟರೆ ತುಣುಕು ಸುತ್ತಲಿನ ಇಂಡೆಂಟ್‌ಗೆ ಹೊಂದಿಕೊಂಡು ಕೂರುತ್ತದೆ, ಫಂಕ್ಷನ್ ಒಳಗೆ ಫಂಕ್ಷನ್ ಸೇರಿಸುವಾಗ ಇದರ ಸುಖವೇ ಬೇರೆ. ಮೊದಲು ‘ವಿಮ್ --ವರ್ಷನ್’ನಲ್ಲಿ ಕ್ಲಿಪ್‌ಬೋರ್ಡ್ ಪದಕ್ಕೆ ಮೊದಲು ಪ್ಲಸ್ ಗುರುತು ಇದೆಯೇ ನೋಡಿ. ಮೈನಸ್ ಇದ್ದರೆ ಉಬುಂಟುವಿನಲ್ಲಿ ವಿಮ್-ಜಿಟಿಕೆ3 ಪ್ಯಾಕೇಜ್ ಹಾಕಿಕೊಳ್ಳಿ, ದುಡ್ಡೇನೂ ಇಲ್ಲ.