ಒಂದೇ ಗುಡಿ, ನಾಲ್ಕು ಕಡೆ: ಮೂರು ತಿಂಗಳು ಹಾಕಿ ನೋಡಿದ್ದು

ನನ್ನ ಮೊದಲ ಪೋಸ್ಟು ಕನ್ನಡದಲ್ಲಿ ಬರಲೇ ಇಲ್ಲ. ಕೊಪ್ಪಳದಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶ್ರದ್ಧಾಂಜಲಿ ಕಾರ್ಡು, ಎಲ್ಲ 'ನುಡಿ' ತಂತ್ರಾಂಶದಲ್ಲೇ ಟೈಪು. ಅದೇ ರೂಢಿಯಲ್ಲಿ ಇಟಗಿ ಮಹಾದೇವ ದೇವಾಲಯದ ಬಗ್ಗೆ ಒಂದೂವರೆ ಪುಟ ಹೊಡೆದು ಫೇಸ್‌ಬುಕ್ಕಿಗೆ ಅಂಟಿಸಿದರೆ, ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು ಎಲ್ಲ ಕಲಸಿದ ಚಿತ್ರಾನ್ನ. ಅಣ್ಣನ ಮಗಳು ನೋಡಿ ನಕ್ಕಳು. "ಕಾಕಾ, ಇದು ನಿಮ್ಮ ಫಾಂಟಿನ ಕನ್ನಡ. ಫೋನಿಗೆ ಯೂನಿಕೋಡ್ ಬೇಕಾಗತೈತ್ರಿ, ಎಲ್ಲಾ ಫೋನಿನ್ಯಾಗೂ ಒಂದೇ ಥರ ಕಾಣೋ ಅಕ್ಷರ." ಕನ್ನಡ ಟೈಪು ಮಾಡಿಯೇ ಹೊಟ್ಟೆ ಹೊರೆಯುವವನಿಗೆ ಡಿಗ್ರಿ ಓದುವ ಹುಡುಗಿ ಅಕ್ಷರಾಭ್ಯಾಸ ಮಾಡಿಸಿದಳು. ನುಡಿಯ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕ ಇದೆ. ಆದರೆ ಒತ್ತಕ್ಷರ ಅಲ್ಲಲ್ಲಿ ಮುರಿಯುತ್ತದೆ, ಒಮ್ಮೆ ಓದಿ ತಿದ್ದಬೇಕು. ಈಗ ಫೋನಿನ ಕನ್ನಡ ಕೀಬೋರ್ಡಿಗೇ ಕೈ ಕೂತಿದೆ.

ಭಾನುವಾರ ಬೈಕು ಹತ್ತಿ ಸುತ್ತಲಿನ ಹಳೆ ಗುಡಿ ನೋಡುವುದು ನನ್ನ ಹುಚ್ಚು. ಅದನ್ನು ನಾಲ್ಕು ಜನಕ್ಕೆ ತೋರಿಸಬೇಕು, ಆದರೆ ಎಲ್ಲಿ ಶುರು ಮಾಡಬೇಕು? ಕೇಳಿದವರೆಲ್ಲ ಒಂದೊಂದು ಹೆಸರು ಹೇಳಿದರು. ಕೊನೆಗೆ ಹುಡುಗಿಯೇ ಉಪಾಯ ಕೊಟ್ಟಳು: ಒಂದೇ ಗುಡಿಯನ್ನು ನಾಲ್ಕೂ ಕಡೆ ಹಾಕಿ ನೋಡುವುದು. ಕುಕನೂರಿನ ಹತ್ತಿರದ ಇಟಗಿಗೆ ಹೋಗಿ ಹನ್ನೆರಡು ಫೋಟೊ, ಫೋನು ನೆಟ್ಟಗೆ ಹಿಡಿದು ತೆಗೆದ ನಲವತ್ತು ಸೆಕೆಂಡಿನ ವಿಡಿಯೊ, ನನ್ನ ದನಿಯಲ್ಲಿ ಏಳು ನಿಮಿಷದ ಅಡ್ಡ ವಿಡಿಯೊ, ಒಂದು ಟಿಪ್ಪಣಿ ಮಾಡಿಕೊಂಡು ಬಂದೆವು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್‌ಆಪ್ ಚಾನೆಲ್. ಎಕ್ಸ್ (ಹಿಂದಿನ ಟ್ವಿಟರ್) ಕೂಡ ಒಂದು ವಾರ ನೋಡಿ ಬಿಟ್ಟೆ. ಅಲ್ಲಿ ಪುಕ್ಕಟೆ ಖಾತೆಗೆ 280 ಅಕ್ಷರದ ಮಿತಿ; ಕೊಂಬು, ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಅಂತ ಒಂದೇ ಅಕ್ಷರ ಬರೆದರೆ ಆರು ಖರ್ಚು. ಶಾಸನದ ವಿಷಯ ಬರೆಯುವವನಿಗೆ ಆ ಜಾಗ ಸಾಲದು.

ಫೇಸ್‌ಬುಕ್ಕಿನಲ್ಲಿ ನಾನು ಮಾಡಿದ ಮೊದಲ ದಡ್ಡತನ ಪೇಜ್ ತೆರೆದದ್ದು. ಪೇಜ್ ಅಂದರೆ ಗಿರಾಕಿ ಇಲ್ಲದ ಹೊಸ ಓಣಿಯಲ್ಲಿ ಅಂಗಡಿ ಹಾಕಿದಂತೆ, ಸೊನ್ನೆಯಿಂದ ಶುರು. ಹತ್ತು ದಿನಕ್ಕೆ ಹದಿನಾಲ್ಕು ಜನ, ಅದರಲ್ಲಿ ಒಂಬತ್ತು ನಮ್ಮ ಮನೆಯವರೇ. ಆಮೇಲೆ ನನ್ನ ಸ್ವಂತ ಪ್ರೊಫೈಲಿನಲ್ಲೇ ಹಾಕಿದೆ. ಪೋಸ್ಟಿನ ಮೇಲೆ ಭೂಗೋಳದ ಗುರುತು ಇರುವಂತೆ ನೋಡಿಕೊಂಡೆ, ಅಂದರೆ ಯಾರು ಬೇಕಾದರೂ ಓದಬಹುದು. ಲಗ್ನಪತ್ರಿಕೆ ಮಾಡಿಸಿಕೊಂಡವರು, ಬೀಗರು, ಹೈಸ್ಕೂಲಿನ ಗೆಳೆಯರು ಎಲ್ಲ ಅಲ್ಲಿದ್ದರು. ಸಂಜೆಯೊಳಗೆ ಮಾತು ಶುರುವಾಯಿತು. "ಆ ಹೊಂಡದಾಗ ಈಜು ಕಲಿತೀವಿ ನಾವು" ಅಂತ ಒಬ್ಬರು. "ಗುಡಿ ಬಾಜೂಕ ನಮ್ಮ ಅವ್ವನ ತವರುಮನಿ" ಅಂತ ಇನ್ನೊಬ್ಬರು. ಉದ್ದ ಬರೆದರೂ ಓದುತ್ತಾರೆ, ಅದೇ ದೊಡ್ಡದು.

ಇನ್‌ಸ್ಟಾಗ್ರಾಂ ಬೇರೆಯೇ ಲೋಕ. ಬಳಕೆದಾರ ಹೆಸರನ್ನು ಕನ್ನಡದಲ್ಲಿ ಇಡಲು ಬರುವುದಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ, ಅಡಿಗೆರೆ ಇಷ್ಟೇ. ಅದರ ಕೆಳಗೆ ಹೆಸರಿನ ಜಾಗ ಬೇರೆ ಇರುತ್ತದೆ, ಅಲ್ಲಿ ಕನ್ನಡ ಹಾಕಿ. ನಲವತ್ತು ಸೆಕೆಂಡಿನ ವಿಡಿಯೊ ರೀಲ್ಸ್‌ಗೆ ಬಿಟ್ಟರೆ, ನನ್ನನ್ನು ಕಂಡು ಕೇಳರಿಯದ ಮಂಗಳೂರು, ಪುಣೆ ಕಡೆಯವರು ಹೃದಯ ಒತ್ತಿದರು. ಬೇರೆ ಮೂರೂ ಕಡೆ ಸೇರಿಸಿದರೂ ಅಷ್ಟು ಜನ ನೋಡಿರಲಿಲ್ಲ. ನನಗೂ ಎರಡು ದಿನ ತಲೆ ನಿಲ್ಲಲಿಲ್ಲ; ಪ್ರಿಂಟ್‌ಔಟ್ ಕೊಡುವ ನಡುವೆ ಫೋನು ತೆಗೆದು ನೋಡುವುದೇ ಕೆಲಸ. ಮೂರನೇ ದಿನ ಸಪ್ಪೆ. ಬಂದವರಲ್ಲಿ ಗುಡಿ ಯಾವ ಊರಲ್ಲಿದೆ ಎಂದು ಕೇಳಿದವರು ಇಬ್ಬರು. ಕೆಳಗಿನ ಬರಹದಲ್ಲಿ ಅದು ಇತ್ತು, ಯಾರೂ ಅಲ್ಲಿಯವರೆಗೆ ಇಳಿದಿರಲಿಲ್ಲ. ಆ ಬರಹದೊಳಗೆ ಲಿಂಕ್ ಹಾಕಿದರೆ ಒತ್ತಲಿಕ್ಕೂ ಬರುವುದಿಲ್ಲ, ಪ್ರೊಫೈಲಿನ ಬಯೊದಲ್ಲೇ, ಅಂದರೆ ನಮ್ಮ ಪರಿಚಯದ ಸಾಲಿನಲ್ಲೇ ಹಾಕಬೇಕು.

ಹಾಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರೀಲ್ಸ್‌ಗೆ ಆಪಿನೊಳಗೇ ಸಿಗುವ ಸಿನಿಮಾ ಹಾಡು ಸೇರಿಸಿ, ಅದೇ ವಿಡಿಯೊ ಇಳಿಸಿಕೊಂಡು ಹಾಡಿನ ಸಮೇತ ಯೂಟ್ಯೂಬಿಗೆ ಹಾಕಿದೆ. ಹಕ್ಕುಸ್ವಾಮ್ಯದ ಸೂಚನೆ ಬಂತು. ತಪ್ಪು ನನ್ನದೇ: ಒಂದು ಕಡೆ ಸಿಕ್ಕ ಅನುಮತಿ ಇನ್ನೊಂದು ಕಡೆ ನಡೆಯುವುದಿಲ್ಲ. ಈಗ ಗುಡಿಯ ಗಂಟೆ, ಗಿಳಿಗಳ ಗಲಾಟೆ ಇದ್ದ ಹಾಗೇ ಬಿಡುತ್ತೇನೆ.

ವಾಟ್ಸ್‌ಆಪ್ ಚಾನೆಲ್ ಡಂಗುರ ಸಾರಿದ ಹಾಗೆ. ಅನುಸರಿಸುವವರಿಗೆ ನಮ್ಮ ನಂಬರು ಕಾಣುವುದಿಲ್ಲ, ಅವರವರ ನಂಬರು ಒಬ್ಬರಿಗೊಬ್ಬರಿಗೂ ಕಾಣುವುದಿಲ್ಲ, ಅದೊಂದು ಒಳ್ಳೆಯದು. ಆದರೆ ನಾನು ಸಾರಿದ್ದಕ್ಕೆ ಅವರು ಕೈಮುಗಿಯುವ ಚಿತ್ರ ಒತ್ತಬಹುದು, ಹೆಚ್ಚೆಂದರೆ ನಾನು ಇಟ್ಟ ಪೋಲ್‌ನಲ್ಲಿ ಒಂದು ಉತ್ತರ ಆರಿಸಬಹುದು. ಕಟ್ಟೆಗೆ ಕೂತು ಹರಟೆ ಹೊಡೆಯುವ ಚಟದವನಿಗೆ ಬರೀ ಕೈಮುಗಿತದಿಂದ ತೃಪ್ತಿಯಿಲ್ಲ.

ಯೂಟ್ಯೂಬಿಗೆ ಸಿದ್ಧತೆ ಜಾಸ್ತಿ. ನಮ್ಮದೇ ಮುಖಚಿತ್ರ ಹಾಕಬೇಕಾದರೆ ಫೋನ್ ನಂಬರು ದೃಢೀಕರಿಸಬೇಕು. ಶೀರ್ಷಿಕೆಯನ್ನು ಬರೀ ಕನ್ನಡದಲ್ಲಿ ಇಟ್ಟಿದ್ದೆ. ಮೊದಲ ವಾರ ನೋಡಿದವರು ಒಂಬತ್ತು ಮಂದಿ. ನಮ್ಮ ಜನ ಕನ್ನಡ ಓದುತ್ತಾರೆ, ಆದರೆ ಹುಡುಕುವಾಗ ಇಂಗ್ಲಿಷ್ ಅಕ್ಷರವನ್ನೇ ಒತ್ತುತ್ತಾರೆ. ಇಟಗಿಯನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುವವರಿದ್ದಾರೆ. ಶೀರ್ಷಿಕೆಯಲ್ಲಿ ಎರಡೂ ಲಿಪಿ, ವಿವರಣೆಯಲ್ಲಿ ಮೂರೂ ಕಾಗುಣಿತ ಹಾಕಿದ ಮೇಲೆ ದಿನಕ್ಕೆ ಇಬ್ಬರು, ನಾಲ್ವರು ಬರತೊಡಗಿದರು. ನಿಧಾನ, ಆದರೆ ನಿಲ್ಲಲಿಲ್ಲ. ರೀಲ್ಸ್ ಮೂರು ದಿನಕ್ಕೆ ತಣ್ಣಗಾಯಿತು. ಯೂಟ್ಯೂಬಿನಲ್ಲಿಟ್ಟದ್ದು ಹಗೇವಿನಲ್ಲಿಟ್ಟ ಜೋಳದ ಹಾಗೆ, ಎರಡು ತಿಂಗಳ ಮೇಲೂ ಬೇಕಾದವರು ಬಂದು ತೆಗೆದುಕೊಳ್ಳುತ್ತಾರೆ. ಅಂಗಡಿಗೆ ಬಂದವರು "ದುಡ್ಡು ಬರತೈತೇನು?" ಅಂತ ಕೇಳುತ್ತಾರೆ. ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು, ಅದರ ಜೊತೆ ವರ್ಷದೊಳಗೆ 4,000 ಗಂಟೆ ವೀಕ್ಷಣೆ ಆಗಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್ ಎಂಬ ಪುಟ್ಟ ವಿಡಿಯೊಗಳಿಗೆ ಒಂದು ಕೋಟಿ ನೋಟ. ನನಗೆ ಮೂರು ತಿಂಗಳಿಗೆ 112 ಚಂದಾದಾರರು. ಜೆರಾಕ್ಸ್ ಯಂತ್ರ ಮಾರುವ ಯೋಚನೆ ಸದ್ಯಕ್ಕಿಲ್ಲ.

ಈ ನಾಲ್ಕರ ನಿಜವಾದ ವ್ಯತ್ಯಾಸ ತಿಳಿದದ್ದು ಮಾತ್ರ ನಾನು ಮಾಡಿದ ಒಂದು ತಪ್ಪಿನಿಂದ. ಟಿಪ್ಪಣಿಯಲ್ಲೂ ವಿಡಿಯೊಗಳಲ್ಲೂ "ಮಹಾದೇವ ಎಂಬ ಅರಸ 1112ರಲ್ಲಿ ಕಟ್ಟಿಸಿದ" ಎಂದುಬಿಟ್ಟಿದ್ದೆ. ಇನ್‌ಸ್ಟಾಗ್ರಾಂನಲ್ಲಿ ಅಷ್ಟು ಜನ ನೋಡಿದರು, ಒಬ್ಬರೂ ಉಸಿರೆತ್ತಲಿಲ್ಲ. ಫೇಸ್‌ಬುಕ್ಕಿನಲ್ಲಿ ಐದನೇ ದಿನ, ಮಗಳ ಲಗ್ನಪತ್ರಿಕೆ ನನ್ನ ಹತ್ತಿರವೇ ಮಾಡಿಸಿದ್ದ ನಿವೃತ್ತ ಮಾಸ್ತರೊಬ್ಬರು ಬರೆದರು: "ಅರಸ ಅಲ್ಲ ತಮ್ಮಾ, ದಂಡನಾಯಕ. ಅರಸ ಅಂದ್ರ ಚಾಲುಕ್ಯರ ಆರನೇ ವಿಕ್ರಮಾದಿತ್ಯ. ಶಾಸನದಾಗ ಆ ಗುಡಿಗೆ ದೇವಾಲಯ ಚಕ್ರವರ್ತಿ ಅಂದಾರ, ಚಕ್ರವರ್ತಿ ಗುಡಿ, ಕಟ್ಟಿಸಿದಾಂವ ಅಲ್ಲ."

ನಾಚಿಕೆಯಾಯಿತು, ಖುಷಿಯೂ ಆಯಿತು. ಇನ್ನು ತಿದ್ದಬೇಕಲ್ಲ. ಫೇಸ್‌ಬುಕ್ ಬರಹ ಅರ್ಧ ನಿಮಿಷದ ಕೆಲಸ. ಏನು ತಿದ್ದಿದೆ ಅನ್ನುವುದೂ ಅಲ್ಲೇ ಕಾಣುತ್ತದೆ, ಇರಲಿ. ಚಾನೆಲ್‌ನ ಬರಹವನ್ನೂ ತಿದ್ದಲು ಬಂತು, ಆದರೆ ಅಷ್ಟರಲ್ಲಿ ಯಾರೋ ಫೋಟೊದ ಜೊತೆ ನಕಲು ಮಾಡಿ ನಮ್ಮ ಓಣಿಯ ಗುಂಪಿಗೇ ಹಾಕಿದ್ದರು. ನನ್ನ ದಂಡನಾಯಕ ಆ ಗುಂಪಿನಲ್ಲಿ ಇವತ್ತಿಗೂ ಅರಸನೇ. ಇನ್‌ಸ್ಟಾಗ್ರಾಂನಲ್ಲಿ ಕೆಳಗಿನ ಬರಹ ಬದಲಿಸಬಹುದು, ಹಾಕಿದ ವಿಡಿಯೊ ಬದಲಿಸಲಾಗದು. ತಿದ್ದುಪಡಿಯನ್ನು ಕಾಮೆಂಟಾಗಿ ಬರೆದು ಮೇಲಕ್ಕೆ ಪಿನ್ ಮಾಡಿದೆ. ಯೂಟ್ಯೂಬಿನಲ್ಲೂ ಒಂದು ಕಡತ ತೆಗೆದು ಇನ್ನೊಂದು ಇಡಲು ಬರುವುದಿಲ್ಲ, ಆದರೆ 'ಸ್ಟುಡಿಯೊ' ಎಂಬ ಅದರದೇ ತಿದ್ದುವ ತಾಣದಲ್ಲಿ ನಡುವಿನ ತುಂಡು ಕತ್ತರಿಸಬಹುದು. ಎರಡನೇ ನಿಮಿಷದ ಹತ್ತಿರ "ಎಂಬ ಅರಸ" ಅನ್ನುವಷ್ಟು ಜಾಗ ಹುಡುಕಿ, ಉಸಿರು ಹಿಡಿದು ಕತ್ತರಿಸಿದೆ. ಈಗ ಅಲ್ಲಿ ನನ್ನ ದನಿ ಸಣ್ಣಗೆ ಎಡವುತ್ತದೆ: "ಮಹಾದೇವ... 1112ರಲ್ಲಿ ಕಟ್ಟಿಸಿದ". ಲಿಂಕೂ ಅದೇ, ನೋಡಿದವರ ಲೆಕ್ಕವೂ ಅದೇ.

ಹಾಗಾಗಿ ನನ್ನ ಮಾತು ಇಷ್ಟು: ಹೊಸಬರಾಗಿದ್ದರೆ, ನಿಮ್ಮ ಹೆಸರು ಹಿಡಿದು ಕರೆದು ತಿದ್ದುವವರು ಎಲ್ಲಿದ್ದಾರೋ ಅಲ್ಲಿ ಶುರು ಮಾಡಿ. ನನಗೆ ಅದು ಫೇಸ್‌ಬುಕ್. ಇಪ್ಪತ್ತರ ಹುಡುಗಿಗೆ ಇನ್‌ಸ್ಟಾಗ್ರಾಂ ಇರಬಹುದು. ನಮ್ಮವಳ ಗೆಳತಿಯರೆಲ್ಲ ಅಲ್ಲೇ ಇದ್ದಾರೆ. ಯೂಟ್ಯೂಬನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ, ಮಾತು ಗಟ್ಟಿಯಾದ ಮೇಲೆ. ಎಲ್ಲಿ ಖಾತೆ ತೆರೆದರೂ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡಿನ ಮೇಲೆ ಇನ್ನೊಂದು ಬೀಗ, ಮೊದಲ ದಿನವೇ ಹಾಕಿ. "ನಿಮ್ಮ ಪೇಜ್ ಮುಚ್ಚುತ್ತೇವೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಕೊಡಿ" ಅಂತ ಯಾವನೋ ಕಳಿಸಿದ ಸಂದೇಶಕ್ಕೆ ನಾನು ಅರ್ಧ ಪಾಸ್‌ವರ್ಡ್ ಒತ್ತಿಯಾಗಿತ್ತು, ಹುಡುಗಿ ಫೋನು ಕಸಿದುಕೊಂಡಳು.

ಮುಂದಿನದು ಹಿರೇಬೆಣಕಲ್. ಗುಡ್ಡದ ಮೇಲೆ ಕಲ್ಲುಚಪ್ಪಡಿಯ ನೂರಾರು ಹಳೆಗಾಲದ ಗೋರಿಗಳು, ಊರವರ ಬಾಯಲ್ಲಿ ಮೊರೇರ ಮನೆ. ಚಿತ್ರೀಕರಣ ಮುಗಿದಿದೆ. ಆದರೆ 'ಶಿಲಾಯುಗ' ಅನ್ನಬೇಕೋ 'ಬೃಹತ್ ಶಿಲಾಯುಗ' ಅನ್ನಬೇಕೋ ಅನುಮಾನ ಬಂತು, ಅದಕ್ಕೆ ದನಿ ಕೊಡುವ ಮೊದಲೇ ಟಿಪ್ಪಣಿಯನ್ನು ಫೇಸ್‌ಬುಕ್ಕಿಗೆ ಹಾಕಿದ್ದೇನೆ. ಮಾಸ್ತರು ಇನ್ನೂ ನೋಡಿಲ್ಲ. ಮೈಕು ಚಾರ್ಜಿಗೆ ಇಟ್ಟಿದ್ದೇನೆ.