ಬೇಲಿ ಕ್ಯಾಲ್ಕುಲೇಟರ್: ಹಲಗೆಗೆ ಸರಿ, ಕಾಂಕ್ರೀಟಿಗೆ ಸಾಲದು
ಅಮೆರಿಕದ ಹಾರ್ಡ್‌ವೇರ್ ಮಳಿಗೆಗಳ ಜಾಲತಾಣಗಳಲ್ಲಿ ಸಿಗುವ ಉಚಿತ ಬೇಲಿ ಕ್ಯಾಲ್ಕುಲೇಟರ್‌ಗಳು ಮರದ ಲೆಕ್ಕವನ್ನು ಚೆನ್ನಾಗಿಯೇ ಕೊಡುತ್ತವೆ. 100 ಅಡಿ ಉದ್ದ, 6 ಅಡಿ ಎತ್ತರದ ನೇರ ಬೇಲಿಗೆ 8 ಅಡಿಗೊಂದು ಕಂಬವೆಂದರೆ 13 ಅಂಕಣ, 14 ಕಂಬ. ಅಂಕಣಕ್ಕೆ 3ರಂತೆ 39 ಅಡ್ಡಪಟ್ಟಿ. ಐದೂವರೆ ಇಂಚಿನ ಹಲಗೆಗಳನ್ನು ಒತ್ತೊತ್ತಾಗಿ ಕೂರಿಸಿದರೆ 219 ಬೇಕು. ಸೀಳಿದವು, ಗಂಟು ಬಿದ್ದವು ಬರುವುದರಿಂದ 240 ತರಿಸಿ. ಹಲಗೆ ಹಸಿಯಾಗಿದ್ದರೆ ಸಂದು ಬಿಡಲೇಬೇಡಿ, ಒಣಗಿದಾಗ ತಾನೇ ಬಿಡುತ್ತದೆ.

ಎಡವುವುದು ಕಾಂಕ್ರೀಟಿನಲ್ಲಿ. ಕೆಲವು ಕ್ಯಾಲ್ಕುಲೇಟರ್‌ಗಳು ಗುಂಡಿಯ ಅಳತೆ ಕೇಳದೆಯೇ ಕಂಬಕ್ಕೊಂದು ಚೀಲ ಎಂದುಬಿಡುತ್ತವೆ. 10 ಇಂಚು ಅಗಲ, 2 ಅಡಿ ಆಳದ ಗುಂಡಿಗೆ ಕಂಬದ ಜಾಗ ಕಳೆದರೂ ಸುಮಾರು 0.92 ಘನ ಅಡಿ ಬೇಕು. 50 ಪೌಂಡಿನ ಚೀಲ ತುಂಬುವುದು 0.375 ಮಾತ್ರ. ಅಂದರೆ ಗುಂಡಿಗೆ ಎರಡೂವರೆ, ಒಟ್ಟು 35 ಚೀಲ. ಮಿನ್ನೆಸೋಟದಂಥ ಹಿಮದ ನಾಡಿನಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟಿ ಕಂಬವನ್ನು ಮೇಲೆತ್ತುತ್ತದೆ. ಅಲ್ಲಿ 6 ಅಡಿ ಮೇಲೆ, 2 ಅಡಿ ನೆಲದೊಳಗೆ ಹೋಗುವ 8 ಅಡಿ ಉದ್ದದ ಕಂಬವೇ ಸಾಲದು.

ಸ್ಕ್ರೂ ಹಲಗೆಗೆ 6ರಂತೆ 1,314. ಕೊಳೆಯದಂತೆ ಸಂಸ್ಕರಿಸಿದ ಮರದಲ್ಲಿನ ತಾಮ್ರ ಮಾಮೂಲಿ ಉಕ್ಕನ್ನು ತಿನ್ನುತ್ತದೆ, ಲೇಪನವಿರುವುದನ್ನೇ ಕೊಳ್ಳಿ. ಗೇಟಿನ ಲೆಕ್ಕವನ್ನು ಬೇರೆಯಾಗಿಯೇ ಮಾಡಿಕೊಳ್ಳಿ.